ಎಳೆ ಒಂದು, ಮಾತು ನೂರು

(ಶಾಲೆಯ ಶತಮಾನೋತ್ಸವದ ನಿಮಿತ್ತ ಜರುಗಿದ ಶಿಕ್ಷಕ-ಪಾಲಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯ ಸಭೆಯಲ್ಲಿ ಆಟವೊಂದರ ಕುರಿತು ಮಾತನಾಡಲು ನಿಂತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇಂಥ ಸಭೆಗಳಲ್ಲಿ ಸ್ಥಾಪಕರ ತ್ಯಾಗ, ಗುರುಗಳ ಶಿಸ್ತು, ಕಟ್ಟಡದ ಕಥೆ ಇವುಗಳಿಗೆ ಮೊದಲ ಸ್ಥಾನ. ಅವನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಹೇಳಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಸುತ್ತಿನ ಊರುಗಳಲ್ಲಿ ಕನ್ನಡ ಪಾಠ ಹೇಳುವ ನಾವು ಕೆಲವರು ತರಗತಿಯಲ್ಲಿ ಆಡಿಸುತ್ತಿರುವ ಆಟವೊಂದಿದೆ. ಮಕ್ಕಳ ಮಾತಿಗೂ ಆ ಆಟಕ್ಕೂ ಇರುವ ನಂಟನ್ನು ತಮ್ಮ ಮುಂದೆ ಇಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಆಟದ ಪರಿಚಯ. 1974ರಲ್ಲಿ ಅಮೇರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಅದೇ ವರ್ಷ ನಮ್ಮ ಸೊಲ್ಲಾಪುರದ ಮಗಳು ಜಯದೇವಿತಾಯಿ ಲಿಗಾಡೆಯವರು ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯಾದರು. ಎರಡಕ್ಕೂ ಸಂಬಂಧವಿಲ್ಲ, ಇಸವಿ ನೆನಪಿನಲ್ಲಿ ಉಳಿಯಲೆಂದು ಹೇಳಿದೆವು. ಆ ಆಟದಲ್ಲಿ ನಾಲ್ಕಾರು ಜನ ಮೇಜಿನ ಸುತ್ತ ಕೂಡುತ್ತಾರೆ. ಪ್ರತಿಯೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ ಹೀಗೆ. ಇನ್ನೊಬ್ಬ ಸೂತ್ರಧಾರ. ಪಾತ್ರಗಳ ಸುತ್ತಲಿನ ಲೋಕವನ್ನು ಬಣ್ಣಿಸುವುದು, ಎದುರಾಗುವ ಉಳಿದ ಎಲ್ಲರ ಮಾತನ್ನಾಡುವುದು ಅವನ ಕೆಲಸ. ವೇಷವಿಲ್ಲ, ರಂಗವಿಲ್ಲ, ಬಾಯಿಪಾಠವಿಲ್ಲ. “ನೀವು ಕೋಟೆಯ ಬಾಗಿಲಿಗೆ ಬಂದಿದ್ದೀರಿ, ಕಾವಲುಗಾರ ಅಳುತ್ತಿದ್ದಾನೆ, ಏನು ಮಾಡುತ್ತೀರಿ?” ಎಂದು ಸೂತ್ರಧಾರ ಕೇಳಿದರೆ ಆಟಗಾರರು ತಮ್ಮ ತಮ್ಮ ಪಾತ್ರಕ್ಕೆ ತಕ್ಕಂತೆ ಉತ್ತರಿಸುತ್ತಾರೆ. ಫಲ ಅನಿಶ್ಚಿತವಾದಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಅಳುವ ಕಾವಲುಗಾರನಂಥ ಸಣ್ಣ ಸಂಗತಿಯನ್ನು ನಾವು ‘ಎಳೆ’ ಎಂದು ಕರೆಯುತ್ತೇವೆ. ಆ ಎಳೆ ಹಿಡಿದು ಅಲ್ಲಿಯೇ ಆಗಿನಿಂದಾಗಲೇ ಕಟ್ಟಿಕೊಳ್ಳುವ ಮುಖಾಮುಖಿಯನ್ನು ‘ಪ್ರಸಂಗ’ ಎನ್ನುತ್ತೇವೆ.

‘ಪ್ರಸಂಗ’ ಎಂಬ ಮಾತನ್ನು ನಾವು ಸುಮ್ಮನೆ ಆರಿಸಿಕೊಂಡಿಲ್ಲ. ಹೊರನಾಡಿನಲ್ಲಿ ಹೊಸದೆಂದು ಬಂದ ಈ ಆಟದ ಜೀವಾಳವನ್ನು ಕನ್ನಡ ನಾಡು ಶತಮಾನಗಳಿಂದ ಬಲ್ಲದು. ಕರಾವಳಿ, ಮಲೆನಾಡುಗಳಲ್ಲಿಯೂ, ನಮ್ಮಂತೆಯೇ ಗಡಿಯಾಚೆ ಉಳಿದ ಕಾಸರಗೋಡಿನಲ್ಲಿಯೂ ತಾಳಮದ್ದಳೆ ಎಂಬ ಕಲೆ ಇಂದಿಗೂ ಜೀವಂತವಾಗಿದೆ. ಭಾಗವತರು ಪ್ರಸಂಗದ ಪದ್ಯವೊಂದನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು, ಪಾತ್ರವೇ ತಾವಾಗಿ ಮಾತನಾಡುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಪದ್ಯ ನಾಲ್ಕಾರು ಸಾಲಿನದು. ಅದರಿಂದ ಹೊರಡುವ ಮಾತು ಅರ್ಧ ಗಂಟೆ ನಡೆದರೂ ನಡೆಯಿತು. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಾಳಿ ಏನು ಕೇಳುವನೆಂಬುದು ಕೇಳುವ ತನಕ ತಿಳಿಯದು.

ವಾಲಿಯ ಪ್ರಸಂಗವನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಬಿದ್ದ ವಾಲಿ ಪ್ರಶ್ನಿಸುತ್ತಾನೆ. ವಾಲಿ ಸಾಯುವನೆಂಬುದು ಸಭೆಯಲ್ಲಿ ಕುಳಿತ ಕೂಸಿಗೂ ಗೊತ್ತು. ಆದರೆ ಇಂದಿನ ವಾಲಿ ಯಾವ ಆರೋಪ ಹೊರಿಸುವನು, ಇಂದಿನ ರಾಮ ಅದಕ್ಕೆ ಹೇಗೆ ಉತ್ತರಿಸುವನು ಎಂಬುದು ಯಾರಿಗೂ ಗೊತ್ತಿಲ್ಲ. ಅದನ್ನು ಕೇಳಲೆಂದೇ ಜನ ರಾತ್ರಿಯೆಲ್ಲ ಕೂಡುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಇಂಥ ಅರ್ಥಗಾರಿಕೆಯಿಂದಲೇ ನಾಡಿನಲ್ಲೆಲ್ಲ ಹೆಸರಾದರು. ತಾಳಮದ್ದಳೆ ಕರಾವಳಿಯವರದು, ನಮಗೇನು ಸಂಬಂಧ ಎಂದು ಯಾರಾದರೂ ಕೇಳಿಯಾರು. ಈ ಕಲೆಯ ಅತಿ ಹಳೆಯ ದಾಖಲೆಗಳಲ್ಲೊಂದೆಂದು ವಿದ್ವಾಂಸರು ಹೇಳುವ 1556ರ ಶಾಸನ ದೊರೆತಿರುವುದು ಬಳ್ಳಾರಿ ಸೀಮೆಯ ಕುರುಗೋಡಿನ ಬಳಿ. ತಾಳಮದ್ದಳೆಯ ಸೇವೆಗೆಂದು ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ಬಳ್ಳಾರಿ ನಮ್ಮಂತೆಯೇ ಜೋಳ ಬೆಳೆಯುವ ಬಯಲುಸೀಮೆ.

ಇನ್ನು ನಮ್ಮ ಭಾಗಕ್ಕೇ ಬರೋಣ. ಶ್ರೀಕೃಷ್ಣ ಪಾರಿಜಾತದ ಕಥೆಯ ಎಳೆ ಎಷ್ಟು? ನಾರದ ಒಂದು ಹೂವು ತಂದ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಇಷ್ಟೇ. ಒಂದು ಹೂವು, ಇಬ್ಬರು ಹೆಂಡಿರು. ಇಷ್ಟರ ಮೇಲೆ ಬೆಳತನಕ ಆಟ ನಡೆಯುತ್ತದೆ. ಭಾಗವತ ಪಾತ್ರವನ್ನು ತಡೆದು ಕೇಳುವ ಅಡ್ಡಪ್ರಶ್ನೆ, ದೂತಿಯ ಕೊಂಕುಮಾತು, ಆ ಊರಿನ ಆ ದಿನದ ಸುದ್ದಿಯನ್ನೂ ದ್ವಾರಕೆಯೊಳಗೆ ಎಳೆದು ತರುವ ಚಮತ್ಕಾರ, ಇವೆಲ್ಲ ಅಲ್ಲಿಯೇ ಹುಟ್ಟಿದವು. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನವರ ಹೆಸರು ಇಂದಿಗೂ ಹಳ್ಳಿಹಳ್ಳಿಯ ಹಿರಿಯರ ಬಾಯಲ್ಲಿರುವುದು ಹಾಡಿಗಾಗಿ ಎಷ್ಟೋ, ಮಾತಿಗಾಗಿಯೂ ಅಷ್ಟೇ. ಹರದೇಶಿ-ನಾಗೇಶಿಯವರ ಗೀಗೀ ಮೇಳಗಳೂ ಹಾಗೆಯೇ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಒಂದೇ ಎಳೆಯ ಮೇಲೆ ಎರಡು ಮೇಳಗಳು ಸವಾಲು-ಜವಾಬು ಹಾಕುತ್ತ ರಾತ್ರಿ ಕಳೆಯುತ್ತವೆ. ಮರಾಠಿಯ ಕಲಗಿ-ತುರಾ ಪರಂಪರೆಗೂ ಇದಕ್ಕೂ ರಕ್ತಸಂಬಂಧವಿದೆ. ಎರಡು ಭಾಷೆಗಳು ಕೂಡುವ ನಮ್ಮ ನೆಲಕ್ಕೆ ಅದು ಸಹಜವೂ ಹೌದು.

ಹಾಗಾದರೆ ಎಳೆಯೆಂದರೆ ಏನು? ಎಂಥ ಸಂಗತಿಯಿಂದ ಪ್ರಸಂಗ ಬೆಳೆಯುತ್ತದೆ, ಎಂಥದರಿಂದ ಬೆಳೆಯದು? ಈ ಪ್ರಶ್ನೆಗೆ ಉತ್ತರ ನಮ್ಮ ಸೊನ್ನಲಿಗೆಯ ಸಿದ್ಧರಾಮನ ಕಥೆಯಲ್ಲಿಯೇ ಇದೆ. ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ, ಜಯದೇವಿತಾಯಿಯವರು ತ್ರಿಪದಿಯಲ್ಲಿ ಮತ್ತೆ ಹಾಡಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಹೊಲದಲ್ಲಿದ್ದ ಹುಡುಗನ ಬಳಿಗೆ ಮಲ್ಲಯ್ಯನೆಂಬ ಅಪರಿಚಿತನೊಬ್ಬ ಬಂದ. ತೆನೆ ಬೇಡಿದ. ಆಮೇಲೆ ಊಟ ಬೇಡಿದ. ಹುಡುಗ ಮನೆಗೆ ಓಡಿ ಊಟ ತಂದು ನೋಡುವಷ್ಟರಲ್ಲಿ ಬೇಡಿದವನಿಲ್ಲ. ಹುಡುಗ ಅವನನ್ನು ಕೂಗುತ್ತ ಹುಡುಕಿ ಹೊರಟ; ಶ್ರೀಶೈಲದವರೆಗೂ ಹೋದ. ಒಂದು ಊರಿನ ಚರಿತ್ರೆಯೇ ಈ ಪುಟ್ಟ ಭೇಟಿಯಿಂದ ತಿರುಗಿತು.

ಈ ಕಥೆಯಲ್ಲಿ ಮೂರು ಅಂಶಗಳಿವೆ. ಒಬ್ಬನಿಗೆ ಏನೋ ಬೇಕಾಗಿದೆ. ಅದು ಸುಲಭವಾಗಿ ಸಿಕ್ಕದಂತೆ ಏನೋ ಅಡ್ಡವಿದೆ. ಮುಂದಿನ ಹೆಜ್ಜೆಯನ್ನು ಎದುರಿಗಿದ್ದವನೇ ಆರಿಸಿಕೊಳ್ಳಬೇಕಾಗಿದೆ. ಬೇಕು, ಅಡ್ಡಿ, ಆಯ್ಕೆ: ಈ ಮೂರೂ ಇದ್ದರೆ ಎರಡು ಸಾಲಿನ ಎಳೆಯೂ ಸಾಕು. ಒಂದು ಇಲ್ಲವಾದರೂ ಇಪ್ಪತ್ತು ಪುಟದ ಸಿದ್ಧತೆಯೂ ವ್ಯರ್ಥ. “ಕಾಡಿನಲ್ಲಿ ಒಂದು ಭಯಂಕರ ರಾಕ್ಷಸನಿದ್ದಾನೆ” ಎಂಬುದು ಎಳೆಯಲ್ಲ. ಆ ರಾಕ್ಷಸನಿಗೆ ಏನು ಬೇಕೆಂದು ಅದು ಹೇಳುವುದಿಲ್ಲ. “ರಾಕ್ಷಸನ ಹಲ್ಲು ನೋಯುತ್ತಿದೆ, ವೈದ್ಯರು ಹತ್ತಿರ ಹೋಗಲು ಅಂಜುತ್ತಿದ್ದಾರೆ” ಎಂದರೆ ತರಗತಿಯ ಹಿಂದಿನ ಬೆಂಚಿನ ಹುಡುಗನೂ ಎದ್ದು ನಿಲ್ಲುತ್ತಾನೆ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಊರೂರು ತಿರುಗುತ್ತಿದ್ದ ನಟರ ಮೇಳಗಳೂ ಇದನ್ನು ಬಲ್ಲವು. ಕಥೆಯ ಚುಟುಕು ಟಿಪ್ಪಣಿಯೊಂದನ್ನು ಆಧಾರವಾಗಿಟ್ಟುಕೊಂಡು ಮಾತನ್ನೆಲ್ಲ ಅವರು ರಂಗದ ಮೇಲೆಯೇ ಹುಟ್ಟಿಸಿಕೊಳ್ಳುತ್ತಿದ್ದರು.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇವೆ. ನಮ್ಮ ಬೋರಾಮಣಿಯ ಹುಲ್ಲುಗಾವಲಿನಲ್ಲಿ ಕಲ್ಲುಗಳನ್ನು ಸಾಲಾಗಿಟ್ಟು ಮಾಡಿದ 15 ಸುತ್ತಿನ ದುಂಡನೆಯ ರಚನೆಯೊಂದು ಈಚೆಗೆ ವಿದ್ವಾಂಸರ ಗಮನಕ್ಕೆ ಬಂದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ಹುಲ್ಲುಗಾವಲಿನಲ್ಲಿ ತೋಳಗಳಿವೆಯೆಂಬುದು ಎಲ್ಲರಿಗೂ ಗೊತ್ತು. ನಾವು ಮಕ್ಕಳ ಮುಂದಿಟ್ಟ ಎಳೆ ಇದು: “ಸಂಜೆಯಾಗಿದೆ. ಕಲ್ಲಿನ ಸುತ್ತಿನ ಬಳಿ ಮುದುಕ ಕುರಿಗಾಹಿಯೊಬ್ಬ ಕುರಿ ಎಣಿಸುತ್ತಿದ್ದಾನೆ. ಅವನ ಹಿಂಡಿನಲ್ಲಿ ಒಂದು ಕುರಿ ಹೆಚ್ಚಾಗಿದೆ.” ಮುದುಕನಿಗೆ ಬೇಕಾದದ್ದು ಕತ್ತಲಾಗುವ ಮೊದಲು ಆ ಕುರಿ ಅದರ ಒಡೆಯನನ್ನು ಸೇರುವುದು. ಅಡ್ಡಿ, ಒಡೆಯ ಯಾರೆಂದು ತಿಳಿಯದಿರುವುದು. ದಾರಿಹೋಕರಾದ ಮಕ್ಕಳು ಏನು ಮಾಡುವರೆಂಬುದು ಆಯ್ಕೆ. ಶಿಕ್ಷಕರ ಕೈಯಲ್ಲಿದ್ದ ಕಾಗದದಲ್ಲಿ ಬರೆದದ್ದು ಇಷ್ಟೇ.

ಒಬ್ಬ ಹುಡುಗ ಕೇಳಿದ: “ಮುತ್ಯಾ, ಅದರ ಕಿವಿ ನೋಡೀಯೇನು?” ಕಿವಿಯ ವಿಚಾರ ಕಾಗದದಲ್ಲಿರಲಿಲ್ಲ. ಮುದುಕನ ಪಾತ್ರ ವಹಿಸಿದ್ದ ಶಿಕ್ಷಕರು ಕ್ಷಣ ತಡೆದು ಹೇಳಿದರು: “ನೋಡೀನಿ ತಮ್ಮಾ. ಕಿವಿಗೆ ಒಂದು ಕೆಂಪು ದಾರ ಕಟ್ಟ್ಯಾರ.” ಕೂಡಲೇ ಒಬ್ಬ ಹುಡುಗಿ ಎಂದಳು: “ಹಂಗಾದ್ರ ಅದು ಹರಕೀ ಕುರಿ ಮುತ್ಯಾ. ದೇವರಿಗೆ ಬಿಟ್ಟದ್ದು.” ಪ್ರಸಂಗದ ರೂಪವೇ ಬದಲಾಯಿತು. ದೇವರಿಗೆ ಬಿಟ್ಟ ಕುರಿಯನ್ನು ಮಾರುವಂತಿಲ್ಲ, ಅಟ್ಟುವಂತಿಲ್ಲ, ತೋಳನ ಬಾಯಿಗೆ ಬಿಡುವಂತೆಯೂ ಇಲ್ಲ. ಯಾವ ದೇವರು, ಯಾವ ಊರಿನ ಜಾತ್ರೆ, ಹರಕೆ ಹೊತ್ತವರ ಮನೆಯಲ್ಲಿ ಯಾರಿಗೆ ಜಡ್ಡಾಗಿತ್ತು ಎಂದು ಮಕ್ಕಳೇ ಒಂದೊಂದಾಗಿ ಕಟ್ಟುತ್ತ ಹೋದರು. ಮತ್ತೊಬ್ಬ ಹುಡುಗ, ಕುರಿ ತಾನಾಗಿಯೇ ಓಡಿ ಬಂದಿರಬೇಕು, ಅದಕ್ಕೂ ಜೀವದ ಆಸೆಯಿಲ್ಲವೇ ಎಂದ. ತರಗತಿ ಸ್ತಬ್ಧವಾಯಿತು. ಆಮೇಲೆ ನಡೆದ ವಾದವನ್ನು ಯಾವ ಪಠ್ಯದ ಪ್ರಶ್ನೋತ್ತರದಲ್ಲಿಯೂ ನಾವು ಕೇಳಿರಲಿಲ್ಲ.

ಈ ಉದಾಹರಣೆಯಿಂದ ಸೂತ್ರಧಾರನ ಧರ್ಮ ಸ್ಪಷ್ಟವಾಗುತ್ತದೆ. ಮೊದಲನೆಯದು, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. “ಕಿವಿಯ ಮಾತು ಬಿಡು” ಎಂದಿದ್ದರೆ ಕೆಂಪು ದಾರವೂ ಇಲ್ಲ, ಹರಕೆಯೂ ಇಲ್ಲ. ಎರಡನೆಯದು, ಉತ್ತರವನ್ನು ಪಾತ್ರದ ಬಯಕೆಯಿಂದ ಎತ್ತಿಕೊಳ್ಳಬೇಕು. ಈ ಮುದುಕನಿಗೆ ಏನು ಬೇಕು ಎಂಬುದು ಮನಸ್ಸಿನಲ್ಲಿ ನಿಚ್ಚಳವಾಗಿದ್ದರೆ ಅವನು ಏನು ನೋಡಿರುವನು, ಏನು ಮುಚ್ಚಿಡುವನು, ಯಾವುದಕ್ಕೆ ಸಿಟ್ಟಾಗುವನು ಎಂಬುದು ತಾನಾಗಿ ಹೊಳೆಯುತ್ತದೆ. ಮೂರನೆಯದು, ಒಮ್ಮೆ ಆಡಿದ ಮಾತು ಉಳಿಯಬೇಕು. ದಾರ ಕೆಂಪೆಂದು ಹೇಳಿದ ಮೇಲೆ ಮುಂದಿನ ವಾರ ಅದು ಹಸುರಾಗಕೂಡದು. ನಾವು ಇಂಥ ಸಂಗತಿಗಳನ್ನು ಹಲಗೆಯ ಒಂದು ಮೂಲೆಯಲ್ಲಿ ಬರೆದಿಡುತ್ತೇವೆ. ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: ಕೊನೆಯನ್ನು ಮೊದಲೇ ನಿಶ್ಚಯಿಸಿಕೊಂಡು ಬರಬಾರದು. ಶಿಕ್ಷಕನಾದವನಿಗೆ ನೀತಿ ಹೇಳುವ ಆಸೆ ಬಲವಾದದ್ದು. ಮಕ್ಕಳು ಎತ್ತ ನಡೆದರೂ ತನ್ನ ನೀತಿಯ ಬಾಗಿಲಿಗೇ ತಂದು ನಿಲ್ಲಿಸುವ ಸೂತ್ರಧಾರನನ್ನು ಅವರು ಎರಡನೆಯ ವಾರಕ್ಕೇ ಗುರುತಿಸಿ, ಅವನಿಗೆ ಬೇಕಾದ ಉತ್ತರವನ್ನೇ ಕೊಡತೊಡಗುತ್ತಾರೆ. ಅಲ್ಲಿಗೆ ಆಟ ಮುಗಿದು ಪರೀಕ್ಷೆ ಆರಂಭವಾಯಿತೆಂದೇ ಲೆಕ್ಕ.

ಇಲ್ಲಿ ತಾಳಮದ್ದಳೆಗೂ ಈ ಆಟಕ್ಕೂ ಇರುವ ಅಂತರವನ್ನು ಹೇಳಬೇಕು. ತಾಳಮದ್ದಳೆಯಲ್ಲಿ ದಾರಿ ಮುಕ್ತ, ಕೊನೆ ಸ್ಥಿರ. ವಾಲಿ ಎಷ್ಟೇ ಗೆದ್ದು ಮಾತನಾಡಿದರೂ ಸಾಯಲೇಬೇಕು. ಸಂಧಾನಕ್ಕೆ ಹೋದ ಕೃಷ್ಣ ಬರಿಗೈಯಲ್ಲಿ ಮರಳಲೇಬೇಕು. ಈ ಆಟದಲ್ಲಿ ಕೊನೆಯೂ ಮುಕ್ತ. ಅನುಭವದಿಂದ ನಾವು ಕಂಡುಕೊಂಡ ಕ್ರಮ ಇದು: ಮೊದಲ ಕೆಲವು ವಾರ ಕೊನೆ ಗೊತ್ತಿರುವ ಕಥೆಯನ್ನೇ ಆಡಿಸಬೇಕು. ಕೊನೆಯ ಆಧಾರವಿದ್ದಾಗ ಅಂಜುವ ಮಗುವೂ ಬಾಯಿ ತೆರೆಯುತ್ತದೆ. ಎಲ್ಲಿಗೆ ಹೋಗಬೇಕೆಂಬ ಚಿಂತೆಯಿಲ್ಲದ್ದರಿಂದ ಹೇಗೆ ಹೋಗಬೇಕೆಂಬುದರ ಮೇಲೆ ಅದರ ಲಕ್ಷ್ಯವಿರುತ್ತದೆ. ಮಾತು ಪಳಗಿದ ಮೇಲೆ ಕೊನೆಯ ಕಟ್ಟನ್ನು ಬಿಚ್ಚಬಹುದು.

ದಾಳದ ಮಾತು ಬಂತು. ಇಪ್ಪತ್ತು ಮುಖದ ದಾಳವನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಾಗಿಲ್ಲ. ಚೌಕಾಬಾರದ ನಾಲ್ಕು ಕವಡೆಗಳು ಸಾಕು. ಕತ್ತಲಲ್ಲಿ ಕುರಿ ಅಟ್ಟಿಕೊಂಡು ಹೋಗುತ್ತೇವೆಂದು ಮಕ್ಕಳು ನಿಶ್ಚಯಿಸಿದರೆ ಕವಡೆ ಹಾಕಿಸುತ್ತೇವೆ. ಮೂರು ಅಥವಾ ನಾಲ್ಕು ಬಾಯಿ ಮೇಲಾದರೆ ಎಣಿಸಿದಂತೆ ಕೆಲಸವಾಯಿತು. ಎರಡಾದರೆ ಕೆಲಸವಾಯಿತು, ಆದರೆ ಏನನ್ನೋ ಕಳೆದುಕೊಂಡರು. ಒಂದೋ ಸೊನ್ನೆಯೋ ಆದರೆ ಕೆಲಸವಾಗಲಿಲ್ಲ, ಅದರ ಬದಲು ಬೇರೆಯೇ ಸಂಗತಿ ಎದುರಾಯಿತು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಇಟ್ಟುಕೊಂಡರೆ ಬೀಳುವ ಬಗೆಗಳು 16. ಅವುಗಳಲ್ಲಿ 5 ಮೊದಲನೆಯ ಫಲಕ್ಕೆ, 6 ಎರಡನೆಯದಕ್ಕೆ, 5 ಮೂರನೆಯದಕ್ಕೆ ಸಲ್ಲುತ್ತವೆ. ನಿಜವಾದ ಕವಡೆ ಹಾಗೆ ಸಮನಾಗಿ ಬೀಳುವುದೋ ಇಲ್ಲವೋ ಎಂದು ನೂರು ಸಲ ಹಾಕಿ ಎಣಿಸುವುದು ಗಣಿತದ ತರಗತಿಗೆ ಒಳ್ಳೆಯ ಕೆಲಸ. ಒಂದು ಎಚ್ಚರ ಮಾತ್ರ ಬೇಕು. ಕವಡೆ ಕಥೆಯನ್ನು ನಿಲ್ಲಿಸಕೂಡದು, ತಿರುಗಿಸಬೇಕು. “ಆಗಲಿಲ್ಲ” ಎಂದು ಸುಮ್ಮನಾದರೆ ಮಗು ಸುಮ್ಮನಾಗುತ್ತದೆ. “ಆಗಲಿಲ್ಲ, ಅಷ್ಟರಲ್ಲಿ ದೂರದಲ್ಲಿ ಒಂದು ಕಂದೀಲು ಕಂಡಿತು” ಎಂದರೆ ಮತ್ತೆ ಮಾತು ಹೊರಡುತ್ತದೆ.

ಇಷ್ಟೆಲ್ಲ ಏತಕ್ಕೆ ಎಂದು ತಾವು ಕೇಳಬಹುದು. ಈ ಭಾಗದ ಕನ್ನಡ ಶಾಲೆಗಳ ಮುಂದಿರುವ ಪ್ರಶ್ನೆಯನ್ನು ತಾವೆಲ್ಲ ಬಲ್ಲಿರಿ. 1950ರಲ್ಲಿ ಸೊಲ್ಲಾಪುರದಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾವು ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. ಮರಾಠಿ ನಮಗೆ ಪರಕೀಯವಲ್ಲ. ಅದು ಪೇಟೆಯ, ಕಚೇರಿಯ, ಗೆಳೆತನದ ಭಾಷೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತ ಬಂದಿದೆ. ಹೀಗೆ ಓದಲು ಪುಸ್ತಕವಿದೆ, ಬರೆಯಲು ಪರೀಕ್ಷೆಯಿದೆ. ಕಾಣದಂತೆ ಕರಗುತ್ತಿರುವುದು ಬೇರೆ ಒಂದು: ಮುಂಚಿತವಾಗಿ ಸಿದ್ಧಪಡಿಸಿಕೊಳ್ಳದೆ, ಆ ಕ್ಷಣಕ್ಕೆ ಬೇಕಾದದ್ದನ್ನು ಕನ್ನಡದಲ್ಲಿ ಹೇಳುವ ಬಲ.

ನಮ್ಮ ಮಗು ಪಾಠದ ಉತ್ತರವನ್ನು ಅಚ್ಚುಗನ್ನಡದಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತದೆ. ಮನೆಯಲ್ಲಿ ಆಯಿಯ ಜೊತೆ ತನ್ನ ಕನ್ನಡದಲ್ಲಿ ಜಗಳವಾಡುತ್ತದೆ. ಈ ಎರಡರ ನಡುವೆ ಸೇತುವೆಯಿಲ್ಲ. ಹೊಸ ಮನುಷ್ಯನಿಗೆ ದಾರಿ ಹೇಳುವುದು, ಹಿರಿಯರೊಡನೆ ವಿನಯದಿಂದ ಭಿನ್ನಾಭಿಪ್ರಾಯ ಸೂಚಿಸುವುದು, ಇಬ್ಬರ ಜಗಳ ಬಿಡಿಸುವುದು, ಅಪರಾಧಿಯ ಪರವಾಗಿ ಒಂದು ಮಾತು ಹೇಳುವುದು, ಸುಳ್ಳು ಹೇಳುವವನನ್ನು ಪ್ರಶ್ನೆಯಿಂದಲೇ ಹಿಡಿಯುವುದು, ಇವಕ್ಕೆಲ್ಲ ಕನ್ನಡ ಬೇಕಾಗುವ ಸಂದರ್ಭಗಳೇ ಆ ಮಗುವಿಗೆ ದೊರೆಯುತ್ತಿಲ್ಲ. ಬೇಕಾಗದ ಮಾತು ನಾಲಗೆಯ ಮೇಲೆ ಉಳಿಯದು. ಹತ್ತು ವರ್ಷ ಕನ್ನಡದಲ್ಲಿ ಓದಿದ ತರುಣನೊಬ್ಬ ಸಭೆಯಲ್ಲಿ ಎದ್ದು ನಾಲ್ಕು ಮಾತು ಹೇಳಲು ಹಿಂಜರಿದರೆ ನಾವು ಅವನ ಅಂಜಿಕೆಯನ್ನು ದೂರುತ್ತೇವೆ. ಅವನಿಗೆ ಅಂಥ ಅಭ್ಯಾಸವನ್ನು ನಾವು ಯಾವ ತರಗತಿಯಲ್ಲಿ ಕೊಟ್ಟಿದ್ದೆವು?

ಆಟ ಆ ಅಗತ್ಯವನ್ನು ಸೃಷ್ಟಿಸುತ್ತದೆ. ಕುರಿ ಯಾರದೆಂದು ತಿಳಿಯಬೇಕಾದರೆ ಕೇಳಲೇಬೇಕು. ಮುದುಕನನ್ನು ಒಪ್ಪಿಸಬೇಕಾದರೆ ಅವನ ಮನಸ್ಸಿಗೆ ನಾಟುವ ಮಾತನ್ನೇ ಹುಡುಕಬೇಕು. ಆಗ ಮಗು ಮನೆಯ ಕನ್ನಡವನ್ನು ಶಾಲೆಯೊಳಗೆ ತರುತ್ತದೆ. ಕುರಿಗಾಹಿಯ ಬಾಯಲ್ಲಿ ಅದೇ ಸರಿ. ಊರಿನ ಪಂಚರ ಮುಂದೆ ನಿಂತಾಗ ಪುಸ್ತಕದ ಕನ್ನಡ ನೆನಪಾಗುತ್ತದೆ. ಅಲ್ಲಿ ಅದು ಸರಿ. ಎರಡೂ ತನ್ನವೇ ಎಂಬುದು ಯಾರೂ ಹೇಳಿಕೊಡದೆ ಅದಕ್ಕೆ ತಿಳಿಯುತ್ತದೆ. ಮರಾಠಿಯನ್ನೂ ನಾವು ಹೊರಗಿಡುವುದಿಲ್ಲ. ಹೆದ್ದಾರಿಯ ಮೇಲಿನ ವ್ಯಾಪಾರಿ ಮರಾಠಿಯಲ್ಲಿಯೇ ಮಾತನಾಡಲಿ. ಅವನ ಮಾತನ್ನು ಮುದುಕನಿಗೆ ಕನ್ನಡದಲ್ಲಿ ತಿಳಿಸುವ ಹೊಣೆ ಒಂದು ಮಗುವಿನದಾಗಲಿ. ಎರಡು ಭಾಷೆಗಳ ನಡುವೆ ನಿಲ್ಲುವುದು ಗಡಿಯ ಮಕ್ಕಳ ಕೊರತೆಯೆಂದು ಬಹುಕಾಲ ಎಣಿಸಿದ್ದೇವೆ. ಈ ಆಟದಲ್ಲಿ ಅದು ಅವರ ಕೈಯ ಆಯುಧವಾಗುತ್ತದೆ.

ಮಾತನಾಡದ ಮಕ್ಕಳ ವಿಚಾರವನ್ನೂ ಹೇಳಬೇಕು. ಪ್ರತಿ ತರಗತಿಯಲ್ಲಿಯೂ ಮೂರು ನಾಲ್ಕು ಮಕ್ಕಳು ಬಾಯಿಬಿಡುವುದಿಲ್ಲ, ಜಾಣ ಮಕ್ಕಳು ಬಾಯಿ ಮುಚ್ಚುವುದಿಲ್ಲ. ಸೂತ್ರಧಾರ ಇಲ್ಲಿ ನ್ಯಾಯವಂತನಾಗಿರಬೇಕು. ಸುಮ್ಮನಿರುವ ಮಗುವಿಗೆ “ಏನಾದರೂ ಹೇಳು” ಎಂದರೆ ಅದು ಇನ್ನಷ್ಟು ಮುದುಡುತ್ತದೆ. ಅದಕ್ಕೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ಕಿವಿಯಲ್ಲಿ ಹೇಳಬೇಕು: “ಆ ಕೆಂಪು ದಾರ ನಿಮ್ಮ ಮನೆಯದು, ಆದರೆ ಅದನ್ನು ಯಾರಿಗೂ ಹೇಳಿಲ್ಲ.” ಇನ್ನು ಎಲ್ಲರೂ ಅದನ್ನೇ ಕೇಳಬೇಕಾಗುತ್ತದೆ. ಗುಟ್ಟು ಇಟ್ಟುಕೊಂಡವರ ಮಾತು ಮೆಲ್ಲಗಿದ್ದರೂ ಎಲ್ಲರೂ ಕಿವಿಗೊಡುತ್ತಾರೆ.

ಎಳೆಗಳಿಗೆ ನಮ್ಮ ನೆಲದಲ್ಲಿ ಬರವಿಲ್ಲ. ಶಿಕ್ಷಕರ ಉಪಯೋಗಕ್ಕೆಂದು ಕೆಲವನ್ನು ಇಲ್ಲಿ ಹೇಳುತ್ತೇವೆ. ಬೇಕು, ಅಡ್ಡಿ, ಆಯ್ಕೆಗಳನ್ನು ತಾವೇ ಗುರುತಿಸಿಕೊಳ್ಳಬಹುದು. ಗಡ್ಡದ ಜಾತ್ರೆಯ ಹಿಂದಿನ ರಾತ್ರಿ. ನಾಳೆ ನಂದಿಕೋಲು ಹೊರಬೇಕಾದ ತರುಣನ ಭುಜ ಉಳುಕಿದೆ, ಅವನು ಮನೆಯಲ್ಲಿ ಹೇಳಿಲ್ಲ. ಸೊಲ್ಲಾಪುರದ ಮಗ್ಗದ ಮನೆಯೊಂದರಲ್ಲಿ ಮದುವೆಗೆಂದು ನೇಯ್ದ ಚಾದರದ ಅಂಚಿನಲ್ಲಿ ಮದುಮಗಳ ಹೆಸರು ತಪ್ಪಾಗಿ ಬಿದ್ದಿದೆ. ಬೀಗರು ಬಾಗಿಲಿಗೆ ಬಂದಿದ್ದಾರೆ. ಅಕ್ಕಲಕೋಟೆಯ ಪ್ರಸಾದದ ಪಂಕ್ತಿಯಲ್ಲಿ ಕುಳಿತ ಮುದುಕಿಯೊಬ್ಬಳು ತನ್ನ ಪಕ್ಕದ ಜಾಗದಲ್ಲಿ ಯಾರನ್ನೂ ಕೂಡಗೊಡುತ್ತಿಲ್ಲ; ಬಡಿಸುವವರು ಹತ್ತಿರ ಬರುತ್ತಿದ್ದಾರೆ. ನಳದುರ್ಗದ ಕೋಟೆಯಲ್ಲಿ ಬೋರಿ ನದಿಯ ಒಡ್ಡಿನ ಒಡಲೊಳಗೇ ಕಟ್ಟಿದ ಪಾಣಿಮಹಲಿನಲ್ಲಿ ಒಬ್ಬ ಬಾಲಕ ಕುಳಿತಿದ್ದಾನೆ. ಮೇಲೆ ನೀರು ಏರುತ್ತಿದೆ, ಅವನು ಹೊರಗೆ ಬರಲೊಲ್ಲ. ಕೊನೆಯ ಎಸ್.ಟಿ. ಬಸ್ಸಿನಲ್ಲಿ ಯಾರೋ ಬಿಟ್ಟುಹೋದ ಜೋಳದ ಚೀಲದೊಳಗಿನಿಂದ ಕೋಳಿಮರಿಯ ದನಿ ಕೇಳುತ್ತಿದೆ. ಕಂಡಕ್ಟರರು ಚೀಟಿ ಯಾರದೆಂದು ಕೇಳುತ್ತಿದ್ದಾರೆ. ಒಂದೊಂದೂ ಎರಡು ಸಾಲು. ಒಂದೊಂದರಿಂದಲೂ ಒಂದು ಮಧ್ಯಾಹ್ನ ತುಂಬುತ್ತದೆ.

ಈ ನಿಮಿತ್ತ ಶಾಲೆಯ ಆಡಳಿತದವರಲ್ಲಿಯೂ ಪಾಲಕರಲ್ಲಿಯೂ ಒಂದೆರಡು ವಿನಂತಿಗಳಿವೆ. ವಾರಕ್ಕೆ ಒಂದು ತಾಸು ಈ ಆಟಕ್ಕೆ ಮೀಸಲಿಡಿ. ಅದಕ್ಕೆ ಅಂಕ ಕೊಡಬೇಡಿ. ಅಂಕ ಬಂದೊಡನೆ ಮಕ್ಕಳು ಸರಿಯಾದ ಉತ್ತರವನ್ನು ಹುಡುಕತೊಡಗುತ್ತಾರೆ. ಶಾಲೆಯಲ್ಲಿ ಒಂದು ಡಬ್ಬಿಯಿರಲಿ. ಪ್ರತಿ ಮಗುವೂ ಮನೆಯ ಮುತ್ಯಾನನ್ನೋ ಆಯಿಯನ್ನೋ ಕೇಳಿ, ಎರಡು ಸಾಲಿನ ಒಂದು ಎಳೆಯನ್ನು ಚೀಟಿಯಲ್ಲಿ ಬರೆದು ತಂದು ಅದರಲ್ಲಿ ಹಾಕಲಿ. ಬರಗಾಲದ ವರ್ಷ, ಕಳೆದುಹೋದ ಎತ್ತು, ಮುರಿದ ನಿಶ್ಚಯ, ಬಾವಿಯ ಹಂಚಿಕೆ, ಹೀಗೆ ಹಿರಿಯರು ಕಂಡು ಕೇಳಿದ ಸಾವಿರ ಸಂಗತಿಗಳು ಬರೆಯುವವರಿಲ್ಲದೆ ಮರೆಯಾಗುತ್ತಿವೆ. ಆ ಡಬ್ಬಿಯೇ ಒಂದು ದಿನ ಊರಿನ ನೆನಪಿನ ಕಣಜವಾದೀತು. ಇಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳೂ ಊರಿಗೆ ಮರಳುವ ಮುನ್ನ ಒಂದೊಂದು ಚೀಟಿ ಬರೆದುಕೊಟ್ಟು ಹೋಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ದೇಣಿಗೆಯ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಇರಲಿ.

ನೂರು ವರ್ಷಗಳ ಹಿಂದೆ ಈ ಭಾಗದ ಹಿರಿಯರು ಕನ್ನಡದ ಅಕ್ಷರ ಕಲಿಸಬೇಕೆಂದು ಶಾಲೆ ತೆರೆದರು. ಆಗ ಮಾತು ಮನೆಮನೆಯಲ್ಲಿ ತುಂಬಿತ್ತು, ಅಕ್ಷರ ಬೇಕಾಗಿತ್ತು. ಇಂದು ಅಕ್ಷರ ಚೀಲದ ತುಂಬ ಇದೆ, ಮಾತು ಬೇಕಾಗಿದೆ. ಮುಂದಿನ ನೂರು ವರ್ಷಗಳ ಕೆಲಸವನ್ನು ಇದರಿಂದ ಆರಂಭಿಸೋಣ. ಈ ಶಾಲೆಯ ಮಕ್ಕಳು ಯಾವ ಸಭೆಯಲ್ಲಿ ನಿಂತರೂ, ಎಂಥ ಪ್ರಶ್ನೆ ಎದುರಾದರೂ, ತಮ್ಮದೇ ಕನ್ನಡದಲ್ಲಿ ತಮ್ಮದೇ ಉತ್ತರ ಹೇಳುವಂತಾಗಲಿ.